ವ್ಯಾನಿನ ಮಾಡಿಗೆ ತೂತು ಬೇಡ

ಮಾಡು ಸೋರುವುದೆಂದರೇನು ಎಂದು ಕರಾವಳಿಯಲ್ಲಿ ಸಂಸಾರ ಮಾಡುವ ಸಹೋದರಿಯರಿಗೆ ನಾನು ಹೇಳಬೇಕಾಗಿಲ್ಲ. ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಜಿಲ್ಲೆ ನಮ್ಮದು. ಒಂದು ಮೊಳೆಯ ತೂತು ಸಾಕು, ಆಷಾಢ ಮುಗಿಯುವಷ್ಟರಲ್ಲಿ ಗೋಡೆಯೆಲ್ಲ ಪಾಚಿ. ವಾಹನದ ತಗಡಿಗಂತೂ ಸೋರಿಕೆಯ ಜೊತೆಗೆ ಉಪ್ಪುಗಾಳಿಯ ತುಕ್ಕು ಬೇರೆ. ಆದ್ದರಿಂದಲೇ, ವ್ಯಾನಿನ ಮೇಲೆ ಸೋಲಾರ್ ಪ್ಯಾನೆಲ್ ಕೂರಿಸಲು ಹದಿನಾರು ಕಡೆ ಡ್ರಿಲ್ ಮಾಡಿ ಸಿಲಿಕಾನ್ ಬಳಿದರಾಯಿತು ಎಂದು ಗ್ಯಾರೇಜಿನವರು ಹೇಳಿದಾಗ ನಾನು ಒಪ್ಪಲಿಲ್ಲ.

ವ್ಯಾನಿಗೆ ಸೋಲಾರ್ ಯಾಕೆ ಎಂದು ನೀವು ಕೇಳಬಹುದು. ನಮ್ಮ ಉಮ್ಮ ಹಲವು ವರ್ಷಗಳಿಂದ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದಾರೆ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕು. ಹೆಪ್ಪುಗಟ್ಟಿದರೂ ಅದನ್ನು ಎಸೆಯಬೇಕಾಗುತ್ತದೆ. ಒಂದೆರಡು ದಿನದ ಪ್ರಯಾಣಕ್ಕೆ ಐಸ್ ಹಾಕಿದ ಡಬ್ಬಿ ನಡೆದೀತು, ಹದಿನೈದು ದಿನಕ್ಕೆ ಆಗದು. ನೆಂಟರ ಮನೆಯ ಫ್ರಿಜ್ಜಿನಲ್ಲಿ ಸ್ವಲ್ಪ ಜಾಗ ಕೇಳುವುದು ಉಮ್ಮನಿಗೆ ಸಂಕೋಚ. ಹೀಗಾಗಿ ಅವರು ಹೊರಗೆ ರಾತ್ರಿ ಉಳಿಯುವುದನ್ನೇ ಬಿಟ್ಟಿದ್ದರು. ಗಲ್ಫಿನಿಂದ ಮರಳಿದ ತಮ್ಮ ಹಳೆಯದೊಂದು ಟೆಂಪೋ ಟ್ರಾವೆಲರ್ ಕೊಂಡು, ಮಲಗಲು ಹಲಗೆ, ಸಣ್ಣ ಒಲೆ, 12 ವೋಲ್ಟಿನ ಪುಟ್ಟ ಫ್ರಿಜ್ ಇಟ್ಟು, "ಉಮ್ಮಾ, ಗೋಳಗುಮ್ಮಟ ನೋಡಲು ಹೋಗೋಣ" ಎಂದ. (ಸೀಟು ತೆಗೆದು ವಾಹನದ ರೂಪ ಬದಲಿಸುವ ಮುನ್ನ ಆರ್‌ಟಿಒ ಅನುಮತಿ ಪಡೆಯಬೇಕು, ಮರೆಯಬೇಡಿ.)

ಫ್ರಿಜ್ ಓಡುವಾಗ 40 ವ್ಯಾಟ್ ಎಳೆಯುತ್ತದೆ. ನಿಂತು ನಿಂತು ಓಡುವುದರಿಂದ ದಿನಕ್ಕೆ ಸುಮಾರು 400 ವ್ಯಾಟ್-ಅವರ್ ಬೇಕು. ಒಳ್ಳೆಯ ಬಿಸಿಲಿದ್ದರೆ 100 ವ್ಯಾಟಿನ ಒಂದು ಪ್ಯಾನೆಲ್ ಹೆಚ್ಚುಕಡಿಮೆ ಅಷ್ಟನ್ನೇ ಕೊಡುತ್ತದೆ. ಮೋಡ ಕವಿದ ದಿನಕ್ಕೂ ಇರಲಿ ಎಂದು ನಾವು ಎರಡು ತಂದೆವು.

ಇನ್ನು ಕೂರಿಸುವ ಮಾತು. ಅಯಸ್ಕಾಂತ, ಗಾಳಿ ಹೀರಿ ಹಿಡಿಯುವ ರಬ್ಬರ್ ಬಟ್ಟಲು ಎಂದೆಲ್ಲ ಸಲಹೆ ಬಂತು. ನಿಲ್ಲಿಸಿದ ವಾಹನಕ್ಕೆ ಅವು ಆದೀತು. ಓಡುವ ವಾಹನದಲ್ಲಿ ಗಾಳಿಯ ಲೆಕ್ಕವೇ ಬೇರೆ. ಒಂದು ಮೀಟರ್ ಉದ್ದ, ಅದರ ಮೂರನೇ ಎರಡರಷ್ಟು ಅಗಲದ ಪ್ಯಾನೆಲ್ಲಿನ ಮೇಲೆ 40 ಕಿ.ಮೀ. ವೇಗದಲ್ಲಿ ಸುಮಾರು 5 ಕಿಲೋದಷ್ಟು ಒತ್ತಡ ಬೀಳಬಹುದು. 80 ಕಿ.ಮೀ. ವೇಗದಲ್ಲಿ ಅದು ಇಮ್ಮಡಿಯಲ್ಲ, ನಾಲ್ಕು ಪಟ್ಟು, ಅಂದರೆ 20 ಕಿಲೋ! ಅದು ಕಿತ್ತು ಹಾರಿದರೆ ನಮ್ಮ ಹಿಂದೆ ಸ್ಕೂಟರಿನಲ್ಲಿ ಬರುವ ಯಾರದೋ ಮಗುವಿನ ಗತಿಯೇನು? ನನ್ನ ನಿದ್ದೆ ಕೆಡಿಸಿದ್ದು ಸೋರಿಕೆಗಿಂತ ಹೆಚ್ಚಾಗಿ ಈ ಯೋಚನೆಯೇ.

ಕೊನೆಗೆ ಆರಿಸಿದ್ದು ಬಸ್ಸಿನ ಮುಂಗಾಜನ್ನು ಕೂರಿಸಲು ಬಳಸುವ ಪಾಲಿಯುರೆಥೇನ್ ಅಂಟು. ಪ್ಯಾನೆಲ್ಲಿನ ನಾಲ್ಕು ಮೂಲೆಗೂ ಅಗಲ ಪಾದದ ಪ್ಲಾಸ್ಟಿಕ್ ಹಿಡಿಕೆ ಬಿಗಿದು, ಆ ಪಾದಗಳನ್ನು ತಗಡಿಗೆ ಅಂಟಿಸುವುದು. ಅಂಟು ಬಿಟ್ಟೀತೆಂದು ಎಲ್ಲರಿಗೂ ಅನುಮಾನ. ನಿಜವೇನೆಂದರೆ ಸಾಮಾನ್ಯವಾಗಿ ಬಿಡುವುದು ಅಂಟಲ್ಲ, ಅದರ ಕೆಳಗಿನ ಜಿಡ್ಡು ಅಥವಾ ಸಡಿಲವಾದ ಬಣ್ಣ. ಎಣ್ಣೆಯ ಬಾಣಲೆ ತಿಕ್ಕಿ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕೆ? ಹಾಗಾಗಿ ಆ ಕೆಲಸವನ್ನು ನಾನೇ ವಹಿಸಿಕೊಂಡೆ. ಏಣಿ ಹತ್ತಿ ಸೋಪಿನ ನೀರಿನಲ್ಲಿ ತೊಳೆದು, ಒಣಗಿಸಿ, ಪಾದ ಕೂರುವ ಜಾಗವನ್ನು ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರಿನಿಂದ ಹೊಳಪು ಹೋಗುವಷ್ಟು ಮಾತ್ರ ಉಜ್ಜಿದೆ. ಒಂದು ಕಡೆ ಬಣ್ಣ ಹಪ್ಪಳದಂತೆ ಎದ್ದಿತ್ತು. ಅದನ್ನು ಗಟ್ಟಿ ಬಣ್ಣ ಸಿಗುವವರೆಗೆ ಕೆರೆದು, ಪ್ರೈಮರ್ ಹಚ್ಚಿ, ಎರಡು ದಿನ ಬಿಟ್ಟೆವು. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಿಳಿ ಬಟ್ಟೆಯಿಂದ, ಬಟ್ಟೆಗೆ ಕೊಳೆ ಹತ್ತದಾಗುವ ತನಕ ಒರೆಸಿದೆ. ಗ್ಯಾರೇಜಿನವರ ಸಿಲಿಕಾನ್ ಅಲ್ಲಿ ತಾಗಿದ್ದರೆ ಮುಂದೆ ಬಣ್ಣವೂ ಅಂಟೂ ಸರಿಯಾಗಿ ಹಿಡಿಯುತ್ತಿರಲಿಲ್ಲ.

ಪಾದವನ್ನು ಒತ್ತಿದಾಗ ಅಂಟೆಲ್ಲ ಹೊರಗೆ ಬಂದು ತೆಳ್ಳಗಾಗಬಾರದು. ಎರಡು ಮೂರು ಮಿ.ಮೀ. ದಪ್ಪ ಉಳಿದರೇನೇ ತಗಡು ಬಿಸಿಲಿಗೆ ಹಿಗ್ಗಿ ಕುಗ್ಗುವಾಗ ಅದೂ ರಬ್ಬರಿನಂತೆ ಎಳೆದುಕೊಳ್ಳುತ್ತದೆ. ಅದಕ್ಕೆ ನನ್ನ ಹೊಲಿಗೆ ಡಬ್ಬಿಯ ಕೋಟಿನ ಗುಂಡಿಗಳನ್ನು ಪ್ರತಿ ಪಾದದಡಿ ಇಟ್ಟೆವು. ತಮ್ಮ ನಕ್ಕ. ನಗಲಿ ಬಿಡಿ. ಈ ಅಂಟು ಗಾಳಿಯ ತೇವ ಹೀರಿಯೇ ಗಟ್ಟಿಯಾಗುತ್ತದೆ, ಅದೂ ಅಂಚಿನಿಂದ ಒಳಕ್ಕೆ ದಿನಕ್ಕೆ ಕೆಲವೇ ಮಿ.ಮೀ.ನಂತೆ. ಮರುದಿನವೇ ಹೊರಡೋಣ ಎಂದು ತಮ್ಮ ಅವಸರಿಸಿದ. ಹತ್ತು ದಿನ ವ್ಯಾನಿನ ಕೀಲಿಕೈ ನನ್ನ ಅಡುಗೆಮನೆಯ ಸಾಸಿವೆ ಡಬ್ಬಿಯಲ್ಲಿತ್ತು.

ಪ್ಯಾನೆಲ್ಲಿನಡಿ ಎರಡು ಬೆರಳಷ್ಟು ಗಾಳಿಯಾಡುವ ಜಾಗ ಬಿಡಬೇಕು. ಕಾದಂತೆಲ್ಲ ಅದು ಕೊಡುವ ವಿದ್ಯುತ್ ಕಡಿಮೆಯಾಗುತ್ತದೆ. 25 ಡಿಗ್ರಿಯ ನಂತರ ಪ್ರತಿ ಡಿಗ್ರಿಗೆ ಸುಮಾರು ಶೇ. 0.4ರಂತೆ. ತಗಡಿಗೇ ಮೈಯೊತ್ತಿ ಅಂಟಿಸುವ ತೆಳು ಪ್ಯಾನೆಲ್ ನನಗೆ ಹಿಡಿಸದ್ದು ಇದಕ್ಕೇ. ವೈರನ್ನು ಹಿಂಬಾಗಿಲಿನ ರಬ್ಬರಿನ ಸಂದಿನಿಂದ ಒಳಗೆ ತಂದೆವು. ಒಳಗೆ ಹೋಗುವ ಮುನ್ನ ಅದು ಕೆಳಗೆ ಜೋತು ಬಿದ್ದು ಮೇಲೇರಬೇಕು, ಆಗ ಮಳೆನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಬ್ಯಾಟರಿಯ ಪಕ್ಕದಲ್ಲಿ ಫ್ಯೂಸ್. ಕಂಟ್ರೋಲರಿಗೆ ಮೊದಲು ಬ್ಯಾಟರಿಯ ವೈರ್, ಆಮೇಲೆ ಪ್ಯಾನೆಲ್ಲಿನದು.

ಇಷ್ಟಾದರೂ ನನ್ನ ಮನಸ್ಸಿಗೆ ಸಮಾಧಾನವಿಲ್ಲ. ಪ್ರತಿ ಪ್ಯಾನೆಲ್ಲಿನ ಚೌಕಟ್ಟಿಗೆ ಸ್ಟೀಲ್ ತಂತಿ ಹಗ್ಗ ಹಾಕಿ, ಮಾಡಿನಂಚಿನಲ್ಲಿ ವ್ಯಾನಿಗೆ ಮೊದಲೇ ಇದ್ದ ಕ್ಯಾರಿಯರ್ ಕಂಬಿಗೆ ಬಿಗಿಸಿದೆ. ಅಂಟು ಬಿಟ್ಟರೂ ಪ್ಯಾನೆಲ್ ರಸ್ತೆಗೆ ಬೀಳದು. ಇದು ಅತಿಯಾಯಿತು ಎಂದವರಿದ್ದಾರೆ. ನಾನಂತೂ ಆ ತಂತಿಯಿಲ್ಲದೆ ವ್ಯಾನ್ ಹತ್ತುವವಳಲ್ಲ.

ಡಿಸೆಂಬರಿನಲ್ಲಿ ಹೊರಟೆವು. ಪ್ರತಿ ಬೆಳಿಗ್ಗೆ ತಮ್ಮ ಹಿಂದಿನ ಏಣಿ ಹತ್ತಿ ಎಂಟೂ ಮೂಲೆಗಳನ್ನು ಅಲುಗಾಡಿಸಿ ನೋಡುತ್ತಿದ್ದ, ಉಮ್ಮ ಕೆಳಗೆ ನಿಂತು ಎಣಿಸುತ್ತಿದ್ದರು. ಎಂಟು ಎನ್ನುವವರೆಗೆ ಚಹಾ ಸಿಗುತ್ತಿರಲಿಲ್ಲ. ವಿಜಯಪುರದಲ್ಲಿ ನೆಂಟರೊಬ್ಬರು ಔಷಧಿಯನ್ನು ತಮ್ಮ ಫ್ರಿಜ್ಜಿನಲ್ಲಿಡಲು ಹೇಳಿದರು. "ಬೇಡಮ್ಮಾ, ನನ್ನದೇ ಇದೆ" ಎಂದು ಉಮ್ಮ ಅವರ ಕೈಹಿಡಿದು ವ್ಯಾನಿಗೆ ಕರೆತಂದು, ಮುಚ್ಚಳ ತೆರೆದು ತೋರಿಸಿದರು. ಒಳಗೆ 5 ಡಿಗ್ರಿ ಇತ್ತು.