ನಾಲ್ಕು ಊರಿನ ನೀರು, ಒಂದು ಯಂತ್ರ

ಹಾಸನದ ಆ ರಿಪೇರಿ ಅಂಗಡಿಗೆ ಬೋರ್ಡಿಲ್ಲ. ಬೋರ್ಡಿನ ಅಗತ್ಯವೂ ಇಲ್ಲ. ಹತ್ತಡಿ ಅಗಲದ ಮಳಿಗೆಯ ತುಂಬ ಮಿಕ್ಸಿ ಜಾರುಗಳು, ಗ್ರೈಂಡರಿನ ಕಲ್ಲುಗಳು, ಸುಟ್ಟ ಪಂಪ್‌ಸೆಟ್ ಮೋಟಾರುಗಳು. ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಕಲಿತ ಅದರ ಯಜಮಾನರು ಕೆಲವು ವರ್ಷಗಳಿಂದ ಬೈಕಿನ ಹಿಂದೆ ಚೀಲ ಕಟ್ಟಿಕೊಂಡು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಗೂ ಹೋಗಿಬರುತ್ತಾರೆ. ಕಾರಣ, ಹೊಸದಾಗಿ ಮನೆ ಸೇರಿರುವ ಒಂದು ಯಂತ್ರ: ಪಾತ್ರೆ ತೊಳೆಯುವ ಡಿಶ್‌ವಾಷರ್.

2020ರ ಲಾಕ್‌ಡೌನ್ ಕಾಲದಲ್ಲಿ ಕೆಲಸದವರು ಮನೆಗೆ ಬರುವಂತಿರಲಿಲ್ಲ. ಮನೆಮಂದಿಯೆಲ್ಲ ಮೂರು ಹೊತ್ತೂ ಮನೆಯಲ್ಲೇ. ಬಚ್ಚಲಲ್ಲಿ ಮುಸುರೆ ಪಾತ್ರೆಯ ಗುಡ್ಡ. ಅದುವರೆಗೆ ದೊಡ್ಡ ನಗರಗಳ ಕೆಲವೇ ಅಡುಗೆಮನೆಗಳಲ್ಲಿ ಕಾಣುತ್ತಿದ್ದ ಈ ಯಂತ್ರ ಸಣ್ಣ ಊರುಗಳಿಗೂ ಬಂದದ್ದು ಆಗ. ಬೂದಿ, ಹುಣಸೆಹುಳಿ, ತೆಂಗಿನ ನಾರು ಹಿಡಿದು ಕುಕ್ಕರುಗಾಲಿನಲ್ಲಿ ಕೂತು ತಿಕ್ಕಿದ ತಲೆಮಾರಿಗೆ ಇದೊಂದು ಸೋಜಿಗ. ಆದರೆ ಯಂತ್ರ ಹೊಸದಲ್ಲ. ಅಮೆರಿಕದ ಇಲಿನಾಯ್ ರಾಜ್ಯದ ಜೋಸೆಫಿನ್ ಕಾಕ್ರನ್ ಎಂಬ ಮಹಿಳೆಗೆ ಇದರ ಪೇಟೆಂಟ್ ಸಿಕ್ಕಿದ್ದು 1886ರಲ್ಲಿ. ಗಂಡ ಸಾಲ ಉಳಿಸಿ ತೀರಿಕೊಂಡ ಮೇಲೆ ಆಕೆ ಮನೆಯ ಹಿಂದಿನ ಶೆಡ್ಡಿನಲ್ಲಿ ಅದನ್ನು ಕಟ್ಟಿಸಿದಳು. 1893ರ ಷಿಕಾಗೋ ಮೇಳದಲ್ಲಿ ಅದು ಪ್ರದರ್ಶನಗೊಂಡಿತು. ಆಕೆಯ ಕಲ್ಪನೆಗೆ ಕಬ್ಬಿಣ, ತಂತಿಗಳ ರೂಪ ಕೊಟ್ಟವನು ಜಾರ್ಜ್ ಬಟರ್ಸ್ ಎಂಬ ಮೆಕ್ಯಾನಿಕ್. ಅಂದರೆ ಮೊದಲ ದಿನದಿಂದಲೂ ಈ ಯಂತ್ರದ ಪಕ್ಕದಲ್ಲಿ ಸ್ಪ್ಯಾನರ್ ಹಿಡಿದವನೊಬ್ಬ ಇದ್ದೇ ಇದ್ದಾನೆ.

ಒಳಗೆ ನಡೆಯುವುದು ದೊಡ್ಡ ಮಾಯೆಯೇನಲ್ಲ. ನಲ್ಲಿಯಿಂದ ಕೆಲವು ಲೀಟರ್ ನೀರು ಒಳಗೆ ಬಂದು ತಳದ ಗುಂಡಿಯಲ್ಲಿ ನಿಲ್ಲುತ್ತದೆ. ಹೀಟರ್ ಅದನ್ನು ಐವತ್ತರಿಂದ ಎಪ್ಪತ್ತು ಡಿಗ್ರಿಯವರೆಗೆ ಕಾಯಿಸುತ್ತದೆ. ಪಂಪು ಆ ಬಿಸಿನೀರನ್ನು ತೂತುಗಳಿರುವ ಎರಡು ರೆಕ್ಕೆಗಳಿಗೆ ನೂಕುತ್ತದೆ. ಚಿಮ್ಮುವ ನೀರಿನ ಹಿಂದೊತ್ತಡದಿಂದಲೇ ರೆಕ್ಕೆಗಳು ಗಿರಗಿರನೆ ತಿರುಗುತ್ತವೆ. ಅವಕ್ಕೆ ಬೇರೆ ಮೋಟಾರಿಲ್ಲ. ಕ್ರಿಯೆಗೆ ಸಮನಾದ ಪ್ರತಿಕ್ರಿಯೆ ಉಂಟೆಂಬ ನ್ಯೂಟನ್ನನ ಮೂರನೆಯ ನಿಯಮವನ್ನು ಬಾಯಿಪಾಠ ಮಾಡಿದ ಮಕ್ಕಳು ಅದನ್ನು ಇಲ್ಲಿ ಕಣ್ಣಾರೆ ನೋಡಬಹುದು. ಕೊಳೆ ನೀರನ್ನು ಮತ್ತೊಂದು ಸಣ್ಣ ಪಂಪು ಹೊರಗೆ ತಳ್ಳುತ್ತದೆ. ಹೀಗೆ ನಾಲ್ಕಾರು ಸಲ ಆದರೆ ಕೆಲಸ ಮುಗಿಯಿತು. ಇಡೀ ರಾಶಿಗೆ ಸಾಮಾನ್ಯವಾಗಿ ಹತ್ತು ಹನ್ನೆರಡು ಲೀಟರ್ ನೀರು ಸಾಕು.

ಹಾಗಾದರೆ ಕೆಡುವುದೇಕೆ? ಯಜಮಾನರು ಹೇಳುವ ಉತ್ತರ ಒಂದೇ: "ಯಂತ್ರ ಕೆಡೋದು ಕಡಿಮೆ ಸ್ವಾಮಿ. ಅದಕ್ಕೆ ನಾವು ಏನು ಕುಡಿಸ್ತೀವಿ, ಏನು ತಿನ್ನಿಸ್ತೀವಿ ಅನ್ನೋದರಲ್ಲಿ ಎಲ್ಲ ಇದೆ."

ತಿನ್ನಿಸಿದ್ದರಿಂದ ಕೆಟ್ಟದ್ದಕ್ಕೆ ಹೊಳೆನರಸೀಪುರದ ಒಂದು ಮನೆಯೇ ಸಾಕ್ಷಿ. ಮನೆಯವರು ಹೈಸ್ಕೂಲ್ ಮೇಷ್ಟ್ರು. ಯಂತ್ರ ಅರ್ಧಕ್ಕೇ ನಿಂತು ಕೀಂ ಕೀಂ ಎನ್ನುತ್ತಿತ್ತು, ತಳದಲ್ಲಿ ಕೊಳೆ ನೀರು ನಿಂತಿತ್ತು. ಮೊದಲು ಬಂದು ನೋಡಿದವರು ಎಲೆಕ್ಟ್ರಾನಿಕ್ ಬೋರ್ಡು ಹೋಗಿದೆ, ಬದಲಾಯಿಸಬೇಕು ಎಂದಿದ್ದರು. ಆ ಬೋರ್ಡಿನ ಬೆಲೆ ಕೇಳಿ ಮೇಷ್ಟ್ರ ಮನೆಯಾಕೆ ಯಂತ್ರವನ್ನೇ ಗುಜರಿಗೆ ಹಾಕೋಣವೆಂದು ಹೊರಟಿದ್ದರು. ಹಾಸನದ ಯಜಮಾನರು ಬಂದವರೇ ಮೊದಲು ಪ್ಲಗ್ ಕಿತ್ತರು, ನಲ್ಲಿ ಮುಚ್ಚಿದರು. ಆಮೇಲೆ ಬೋರ್ಡಿನ ಕಡೆ ತಿರುಗಿಯೂ ನೋಡದೆ ಪ್ರಶ್ನೆ ಹಾಕಿದರು: "ನೀರು ಒಳಗೆ ಬರ್ತಿದೆಯಾ? ಬರ್ತಿದೆ. ಬಿಸಿ ಆಗ್ತಿದೆಯಾ? ಆಗ್ತಿದೆ. ರೆಕ್ಕೆ ತಿರುಗ್ತಿದೆಯಾ? ತಿರುಗ್ತಿದೆ. ಆಚೆ ಹೋಗ್ತಿಲ್ಲ, ಅಷ್ಟೇ ತಾನೆ?" ಎಂದು ಜಾಲರಿ ಬಿಚ್ಚಿದರು. ಅದರ ಮೇಲೆ ರಾಗಿ ಹಿಟ್ಟು ಗೋಂದಿನ ಹಾಗೆ ಮೆತ್ತಿತ್ತು, ಜೊತೆಗೆ ಕರಿಬೇವು, ಒಗ್ಗರಣೆ ಸಾಸಿವೆ. ಅದನ್ನು ತೊಳೆದರೂ ನೀರು ಹೋಗಲಿಲ್ಲ. ನಿಂತ ನೀರನ್ನು ಸ್ಪಂಜಿನಿಂದ ಹೀರಿ ತೆಗೆದು, ಹೊರಹಾಕುವ ಪಂಪಿನ ಮುಚ್ಚಳ ಎತ್ತಿದಾಗ ಸಿಕ್ಕಿದ್ದು ಒಂದು ಹುಣಸೆಬೀಜ. ಪಂಪಿನ ಪುಟ್ಟ ಚಕ್ರಕ್ಕೆ ಅಡ್ಡ ಸಿಕ್ಕಿಕೊಂಡು ಕೂತಿತ್ತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆ ರಿಪೇರಿ ಲೋಕಕ್ಕೆ ಹೇಳಿ ಮಾಡಿಸಿದ್ದು. ಯಾವುದು ಸರಿಯಿದೆ ಎಂದು ಒಂದೊಂದಾಗಿ ಪಕ್ಕಕ್ಕಿಟ್ಟರೆ ಉಳಿದದ್ದೇ ತಪ್ಪು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು, ಎರಡು ಮಾಡಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ. ಪ್ರಯೋಗಶಾಲೆಯಲ್ಲಿ ಕಲಿಸುವುದೂ ಇದನ್ನೇ. ಮೇಷ್ಟ್ರು ಆ ಹುಣಸೆಬೀಜವನ್ನು ಕಾಗದದಲ್ಲಿ ಸುತ್ತಿ ತರಗತಿಗೆ ಒಯ್ದರಂತೆ.

ಕುಡಿಸಿದ್ದರಿಂದ ಕೆಡುವುದು ಬೇರೆ ಬಗೆ. ಹೇಮಾವತಿ ಹೊಳೆ ಗೊರೂರಿನ ಅಣೆಕಟ್ಟೆ ದಾಟಿ ಹೊಳೆನರಸೀಪುರದ ಪಕ್ಕದಲ್ಲೇ ಹರಿಯುತ್ತದೆ. ಮಳೆಯಿಂದ ತುಂಬುವ ಹೊಳೆಯ ನೀರು ಸಾಮಾನ್ಯವಾಗಿ ಮೆದು. ಜಿಲ್ಲೆಯ ಪೂರ್ವಕ್ಕೆ, ಚನ್ನರಾಯಪಟ್ಟಣದ ಕಡೆಗೆ ಹೋದಂತೆ ಮಳೆ ಕಡಿಮೆ. ಬೋರ್‌ವೆಲ್ ನೀರನ್ನೇ ನಂಬಿದ ಮನೆಗಳಲ್ಲಿ ಕಲ್ಲಿನ ಸಂದಿಯಲ್ಲಿ ವರ್ಷಗಟ್ಟಲೆ ನಿಂತು ಲವಣ ಕರಗಿಸಿಕೊಂಡ ಗಡಸು ನೀರು ಬರುತ್ತದೆ. ಒಂದು ಲೀಟರಿನಲ್ಲಿ 200 ಮಿಲಿಗ್ರಾಂವರೆಗಿನ ಗಡಸುತನ ಕುಡಿಯುವ ನೀರಿಗೆ ಒಪ್ಪಿಗೆ, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ. ಮನುಷ್ಯ ಸಹಿಸಿದರೂ ಹೀಟರ್ ಸಹಿಸದು. ಕಾದಾಗ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಒಡೆದು ಕಾರ್ಬೊನೇಟ್ ಆಗಿ ಕೂರುತ್ತದೆ. ಬಚ್ಚಲ ಹಂಡೆಯ ತಳದಲ್ಲಿ ಕಟ್ಟುವ ಬಿಳಿ ಚಕ್ಕೆ ಅದೇ. ಲೋಟದ ಮೇಲೆ ಹಾಲು ಬಳಿದಂಥ ಮಬ್ಬೂ ಅದೇ.

ಅದಕ್ಕೆಂದೇ ಬಹುತೇಕ ಯಂತ್ರಗಳ ಹೊಟ್ಟೆಯಲ್ಲಿ ಒಂದು ಉಪ್ಪಿನ ಡಬ್ಬಿ ಇರುತ್ತದೆ. ಪಕ್ಕದಲ್ಲಿರುವ ರಾಳದ ಮಣಿಗಳು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದುಕೊಂಡು ಸೋಡಿಯಂ ಬಿಟ್ಟುಕೊಡುತ್ತವೆ. ಮಣಿಗಳು ದಣಿದಾಗ ಉಪ್ಪುನೀರು ಹಾಯ್ದು ಅವು ಮತ್ತೆ ಚೇತರಿಸಿಕೊಳ್ಳುತ್ತವೆ. ಇದಕ್ಕೆ ಹಾಕಬೇಕಾದ್ದು ಡಿಶ್‌ವಾಷರಿಗೆಂದೇ ಮಾರುವ ದಪ್ಪ ಉಪ್ಪು. ಊಟದ ಪುಡಿ ಉಪ್ಪಿನಲ್ಲಿ ಗಂಟು ಕಟ್ಟದಿರಲೆಂದು ಬೆರೆಸಿರುವ ವಸ್ತುಗಳು ಅಲ್ಲಿ ಅಡ್ಡಗಟ್ಟುತ್ತವೆ.

ಚನ್ನರಾಯಪಟ್ಟಣದ ಒಂದು ಮನೆಯಲ್ಲಿ ಉಪ್ಪಿನ ಡಬ್ಬಿ ವರ್ಷದಿಂದ ಖಾಲಿ ಇತ್ತು. ಯಂತ್ರದ ಒಳಗೋಡೆಯೆಲ್ಲ ಸುಣ್ಣ ಹೊಡೆದಂತೆ ಬೆಳ್ಳಗಾಗಿತ್ತು. ಯಜಮಾನರು ಉಪ್ಪು ತುಂಬಿ, ನಿಂಬೆಉಪ್ಪು ಹಾಕಿ ಬಿಸಿನೀರಿನಲ್ಲಿ ಖಾಲಿ ಯಂತ್ರ ಓಡಿಸಲು ಸಿದ್ಧ ಮಾಡುತ್ತಿದ್ದಾಗ ಹಿತ್ತಲ ಬಾಗಿಲಲ್ಲಿ ನಿಂತಿದ್ದ ಒಬ್ಬ ಹೆಂಗಸು ಮೆಲ್ಲಗೆ ಕೇಳಿದಳು: "ಅಣ್ಣ, ಇದು ಕೆಟ್ಟೇ ಇರ್ಲಿ ಬಿಡಿ."

ಆಕೆ ಆ ಮನೆಯಲ್ಲಿ ಹನ್ನೊಂದು ವರ್ಷದಿಂದ ಪಾತ್ರೆ ತೊಳೆಯುತ್ತಿದ್ದವಳು. ಯಂತ್ರ ಬಂದ ಮೇಲೆ ಕೆಲಸ ಹೋಗಿತ್ತು. ಅದು ಕೆಟ್ಟ ಮೇಲೆ ಮತ್ತೆ ಕರೆಸಿದ್ದರು. ಸರಿಹೋದರೆ ಮತ್ತೆ ಮನೆಗೆ. ಮಗನ ಎಸ್ಸೆಸ್ಸೆಲ್ಸಿ ಮುಗಿದಿತ್ತು, ಮುಂದಿನ ದಾರಿ ತೋಚಿರಲಿಲ್ಲ.

ಯಜಮಾನರ ಕೈ ಒಂದು ಗಳಿಗೆ ನಿಂತಿತು. ಒಬ್ಬರ ಅನ್ನಕ್ಕೆ ಮಾಡುವ ಕೆಲಸ ಇನ್ನೊಬ್ಬರ ಅನ್ನ ಕೀಳುತ್ತದೆಂದು ಮುಖದೆದುರು ಕೇಳುವುದು ಸುಲಭವಲ್ಲ. ಆದರೆ ಸರಿಮಾಡಲು ಬಂದವರು ಸರಿಮಾಡದೆ ಹೋಗುವಂತೆಯೂ ಇಲ್ಲ. ಅವರು ಯಂತ್ರ ಸರಿಮಾಡಿದರು. ಜೊತೆಗೆ ಮನೆಯೊಡತಿಗೆ ಇದ್ದ ನಿಜವನ್ನಿಷ್ಟು ಹೇಳಿದರು. "ಅಮ್ಮಾವ್ರೇ, ಅಲ್ಯೂಮಿನಿಯಂ ಪಾತ್ರೆ ಇದಕ್ಕೆ ಹಾಕಬೇಡಿ. ಸೋಪಿನ ಕ್ಷಾರ ತಾಗಿ ಕಪ್ಪಾಗುತ್ತೆ. ಕಬ್ಬಿಣದ ಕಾವಲಿ ತುಕ್ಕು ಹಿಡಿಯುತ್ತೆ. ಹಿತ್ತಾಳೆ ದೀಪ, ತಾಮ್ರದ ಚೊಂಬು ಕಂದುತ್ತೆ. ಮುದ್ದೆ ಕೋಲು ಸೀಳುತ್ತೆ. ಹಿಟ್ಟು ಹತ್ತಿದ ಪಾತ್ರೆ ನೆನೆಸಿ ಉಜ್ಜದೆ ಇಟ್ಟರೆ ಜಾಲರಿ ಕಟ್ಟುತ್ತೆ. ಇವಕ್ಕೆಲ್ಲ ಕೈಯೇ ಬೇಕು." ಒಡತಿ ಯೋಚಿಸಿ ಆಕೆಯನ್ನು ಉಳಿಸಿಕೊಂಡರು, ಅರ್ಧ ಸಂಬಳಕ್ಕೆ. ಅರ್ಧ ಅರ್ಧವೇ, ಯಾರೂ ಅದನ್ನು ಗೆಲುವೆಂದು ಕರೆಯಲಾರರು. ಹೊರಡುವಾಗ ಯಜಮಾನರು, "ಅಕ್ಕ, ಹುಡುಗನ್ನ ಭಾನುವಾರ ಅಂಗಡಿಗೆ ಕಳಿಸು," ಎಂದರು.

ಹುಡುಗ ಬಂದ. ಮುಂದೆ ಐಟಿಐ ಸೇರಿ ಎಲೆಕ್ಟ್ರಿಷಿಯನ್ ವಿಭಾಗ ಹಿಡಿದ. ರಜೆಯಲ್ಲಿ ಯಜಮಾನರ ಬೈಕಿನ ಹಿಂಬದಿ ಸವಾರ. ಅವನ ಕೈಯಲ್ಲೊಂದು ನೂರು ಪುಟದ ನೋಟ್‌ಬುಕ್. ಯಾವ ಊರು, ಯಾವ ನೀರು, ಯಾವ ದೂರು, ಕೊನೆಗೆ ಸಿಕ್ಕ ಕಾರಣವೇನು ಎಂದು ನಾಲ್ಕು ಗೆರೆ ಎಳೆದು ಬರೆಯಬೇಕೆಂದು ಯಜಮಾನರ ಕಟ್ಟಪ್ಪಣೆ.

ಆ ಪುಸ್ತಕ ಕೆಲಸಕ್ಕೆ ಬಂದದ್ದು ಅರಕಲಗೂಡಿನಲ್ಲಿ. ಅಲ್ಲೊಂದು ಮನೆಯ ಯಂತ್ರ ಬೆಳಿಗ್ಗೆ ಸರಿಯಾಗಿ ಓಡುತ್ತಿತ್ತು, ರಾತ್ರಿ ನೀರೇ ಬರುತ್ತಿಲ್ಲವೆಂದು ಹಟ ಹಿಡಿಯುತ್ತಿತ್ತು. ನಲ್ಲಿ ತಿರುಗಿಸಿದರೆ ನೀರು ಬರುತ್ತಲೇ ಇತ್ತು. ನೀರು ಬರುವ ಕೊಳವೆಯ ಜಾಲರಿ ಚೊಕ್ಕಟ, ವಾಲ್ವು ಚೊಕ್ಕಟ. ಯಜಮಾನರು ತಲೆ ಕೆರೆದುಕೊಳ್ಳುತ್ತಿರುವಾಗ ಹುಡುಗ ಟೇಪು ಹಿಡಿದು ಮಹಡಿ ಹತ್ತಿದ. ಬೆಳಿಗ್ಗೆ ಟ್ಯಾಂಕು ತುಂಬಿದಾಗ ನೀರಿನ ಮಟ್ಟ ಅಡುಗೆಮನೆ ನಲ್ಲಿಗಿಂತ ಐದು ಮೀಟರಿಗೂ ಒಂದು ಗೇಣು ಮೇಲೆ. ರಾತ್ರಿ ಹೊತ್ತಿಗೆ ಒಂದು ಮೀಟರ್ ಇಳಿದು ನಾಲ್ಕು ಮೀಟರ್ ಚಿಲ್ಲರೆ. ಹತ್ತು ಮೀಟರ್ ಎತ್ತರದ ನೀರು ಸುಮಾರು ಒಂದು ಬಾರ್ ಒತ್ತಡ ಕೊಡುತ್ತದೆ. ಆ ಯಂತ್ರದ ಕೈಪಿಡಿಯಲ್ಲಿ ಕನಿಷ್ಠ ಅರ್ಧ ಬಾರ್ ಬೇಕೆಂದಿತ್ತು, ಅಂದರೆ ಐದು ಮೀಟರ್. ತೆರೆದ ನಲ್ಲಿಗೆ ಒತ್ತಡ ಕಡಿಮೆಯಾದರೂ ನಡೆಯುತ್ತದೆ. ಯಂತ್ರದ ವಾಲ್ವಿನೊಳಗಿನ ರಬ್ಬರ್ ಪೊರೆ ಎತ್ತಿ ತೆರೆಯುವುದಕ್ಕೆ ಒತ್ತಡವೇ ಬೇಕು.

ಮದ್ದು ಸರಳ. ಟ್ಯಾಂಕ್ ತುಂಬಿಸಿದ ಮೇಲೆ ಯಂತ್ರ ಹಾಕುವುದು. ಖರ್ಚು ಸೊನ್ನೆ. ರಾತ್ರಿಯೇ ಬೇಕೆಂದರೆ ಟ್ಯಾಂಕಿಗೆ ಎತ್ತರದ ಸ್ಟ್ಯಾಂಡ್, ಇಲ್ಲವೇ ಸಣ್ಣ ಪ್ರೆಶರ್ ಪಂಪು. ಆ ಮನೆಯ ಮಗ ಪಿಯುಸಿ ವಿಜ್ಞಾನದ ವಿದ್ಯಾರ್ಥಿ, ಒತ್ತಡದ ಸೂತ್ರವನ್ನು ತಡವರಿಸದೆ ಹೇಳಿದ. ಆದರೆ ಆ ಸೂತ್ರ ತನ್ನ ಮನೆಯ ಮಹಡಿ ಮೇಲೆ ಕೂತಿದೆಯೆಂದು ಅವನಿಗೆ ಹೊಳೆದಿರಲಿಲ್ಲ. ಅದು ಅವನ ತಪ್ಪಲ್ಲ. ಅವನ ಕೈಗೆ ಯಾರೂ ಟೇಪು ಕೊಟ್ಟಿರಲಿಲ್ಲ.

ಇಲ್ಲಿ ಹೆತ್ತವರೂ ಒಂದು ಮಾತು ಯೋಚಿಸಬೇಕು. 'ಓದದಿದ್ದರೆ ರಿಪೇರಿ ಅಂಗಡಿಗೆ ಸೇರಿಸ್ತೀನಿ' ಎಂದು ಮಕ್ಕಳನ್ನು ಗದರಿಸುವುದುಂಟು. ಅದೇ ಹಾಸನದಲ್ಲಿ, ಉಪಗ್ರಹಗಳನ್ನು ನೋಡಿಕೊಳ್ಳುವ ಮುಖ್ಯ ನಿಯಂತ್ರಣ ಕೇಂದ್ರವಿದೆ. 1983ರಲ್ಲಿ ಇನ್ಸಾಟ್-1ಬಿ ಉಪಗ್ರಹ ಮೇಲೇರಿದಾಗ ಅದರ ಸೌರಫಲಕ ಬಿಚ್ಚಿಕೊಳ್ಳದೆ ಕೂತಿತು. ಕೈಗೆಟುಕದ ಆ ಯಂತ್ರಕ್ಕೆ ನೆಲದಿಂದಲೇ ಆದೇಶ ಕಳಿಸಿ, ದಿನಗಟ್ಟಲೆ ಪಟ್ಟು ಹಿಡಿದು, ಸೆಪ್ಟೆಂಬರ್ ನಡುವಿನ ಹೊತ್ತಿಗೆ ಬಿಡಿಸಿದರು. ಅದೂ ರಿಪೇರಿಯೇ. ಆಕಾಶದಲ್ಲಿ ನಡೆದರೆ ವಿಜ್ಞಾನ, ಅಡುಗೆಮನೆಯಲ್ಲಿ ನಡೆದರೆ ಕೂಲಿ ಎನ್ನುವ ಲೆಕ್ಕ ಸರಿಯಲ್ಲ. ಕೆಟ್ಟದ್ದನ್ನು ಎಸೆಯದೆ ಸರಿಮಾಡಿಸಿಕೊಳ್ಳುವುದು ಗ್ರಾಹಕನ ಹಕ್ಕು ಎಂದು ಕೇಂದ್ರ ಸರ್ಕಾರವೂ 2022ರ ಡಿಸೆಂಬರಿನಲ್ಲಿ ಅದಕ್ಕೆಂದೇ ಒಂದು ಜಾಲತಾಣ ತೆರೆಯಿತು. ಹಕ್ಕಿದ್ದರೆ ಸಾಲದು, ಸರಿಮಾಡಬಲ್ಲ ಕೈಗಳೂ ಊರೂರಿನಲ್ಲಿ ಇರಬೇಕು.

ದಾರಿಯೂ ಮುಚ್ಚಿಲ್ಲ. ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೆಯ ವರ್ಷಕ್ಕೆ, ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದು ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ಸೇರಬಹುದು. ಕೈ ಕೆಸರಾದರೆ ಬಾಯಿ ಮೊಸರು ಎಂದರು ಹಿರಿಯರು. ಕೈ ಕೆಸರಾದರೆ ತಲೆಯೂ ತಿಳಿಯಾಗುತ್ತದೆ ಎಂದು ಸೇರಿಸಿಕೊಳ್ಳಬಹುದು.

ಆ ಹುಡುಗ ಈಗ ಡಿಪ್ಲೊಮಾ ಅರ್ಜಿ ತುಂಬುತ್ತಿದ್ದಾನೆ. ಅವನ ತಾಯಿ ಚನ್ನರಾಯಪಟ್ಟಣದಲ್ಲಿ ಇಂದಿಗೂ ಕಾವಲಿ, ಮುದ್ದೆ ಪಾತ್ರೆ ತಿಕ್ಕುತ್ತಾಳೆ. ಮೂರು ತಿಂಗಳಿಗೊಮ್ಮೆ ಅವನೇ ಆ ಮನೆಗೆ ಹೋಗಿ ಯಂತ್ರದ ಜಾಲರಿ ತೆಗೆದು ನೋಡಿ, ಉಪ್ಪು ತುಂಬಿ ಬರುತ್ತಾನೆ. ಮುಂಬಾಗಿಲಿನಿಂದಲೇ ಒಳಗೆ ಹೋಗುತ್ತಾನೆ.