ಸಿಹಿನೀರಿನ ಋಣ

ಗಟ್ಟಿ ಹಲಗೆಗೆ ಸುತ್ತಿಗೆ ತಾಗಿದರೆ ‘ಟಣ್’ ಎನ್ನುತ್ತದೆ, ಕೆಟ್ಟ ಹಲಗೆ ‘ಬೊದ್’ ಎನ್ನುತ್ತದೆ. ಇಷ್ಟು ತಿಳಿಯದೆ ನಾನು ಒಂದು ದೋಣಿ ಕಳೆದುಕೊಂಡೆ.

ಗಂಗೊಳ್ಳಿ ಹೊಳೆಯಲ್ಲಿ ಕಟ್ಟಿದ್ದ ಮರದ ನಾಡದೋಣಿ ಅದು. ಬಣ್ಣ ಕೂಡ ಮಾಸಿರಲಿಲ್ಲ. ಅಡಿಹಲಗೆಯಲ್ಲಿ ಮಾತ್ರ ಗುಂಡುಸೂಜಿಯ ತಲೆಯಷ್ಟು ಏಳೆಂಟು ತೂತುಗಳಿದ್ದವು. ಆಚಾರಿ ಉಳಿಯಿಟ್ಟು ಒಂದೇ ಏಟು ಹಾಕಿದರು. ಹಲಗೆ ನೆನೆದ ರೊಟ್ಟಿಯ ಹಾಗೆ ಬಿಟ್ಟುಕೊಂಡಿತು. ಒಳಗೆಲ್ಲ ಕಿರುಬೆರಳು ತೂರುವಷ್ಟು ಕೊಳವೆಗಳು, ಸುಣ್ಣ ಬಳಿದಂಥ ಬಿಳಿ ಪದರ. ಒಂದರ ದಾರಿಗೆ ಇನ್ನೊಂದು ಅಡ್ಡ ಬಂದಿರಲಿಲ್ಲ, ಪಕ್ಕಕ್ಕೆ ಬಾಗಿ ಹೋಗಿತ್ತು. ಹುಳ ಹಿಡಿಯಿತು ಎನ್ನುತ್ತೇವೆ, ಆದರೆ ಅದು ಹುಳವಲ್ಲ, ಮರುವಾಯಿಯ ಬಳಗದ ಚಿಪ್ಪುಜೀವಿ. ಕಣ್ಣಿಗೆ ಕಾಣದಷ್ಟು ಮರಿಯಾಗಿದ್ದಾಗ ಮರದೊಳಗೆ ಹೊಕ್ಕರೆ ಅಲ್ಲೇ ತಿಂದು ಅಲ್ಲೇ ಬೆಳೆಯುತ್ತದೆ. ನೀರು ಬೆಚ್ಚಗಿದ್ದರೆ ಬೇಗ ಬೆಳೆಯುತ್ತದೆ. ನಮ್ಮ ಕಡಲು ವರ್ಷವಿಡೀ ಬೆಚ್ಚಗೇ ಇರುತ್ತದೆ.

ಗೇರುಬೀಜದ ಸಿಪ್ಪೆಯ ಎಣ್ಣೆ, ಮೀನೆಣ್ಣೆ ಬಳಿಯುವುದು ಹಿರಿಯರ ಮದ್ದು. ಅದಕ್ಕಿಂತ ದೊಡ್ಡ ಮದ್ದು ಮಳೆಗಾಲ. ಸೌಪರ್ಣಿಕಾ, ವಾರಾಹಿ, ಚಕ್ರಾ ಎಲ್ಲ ಘಟ್ಟದ ನೀರು ಹೊತ್ತು ಒಂದೇ ಅಳಿವೆಗೆ ಇಳಿದಾಗ ಹೊಳೆಯ ಉಪ್ಪು ತೊಳೆದು ಹೋಗುತ್ತದೆ. ಹುಳ ತನ್ನ ತೂತಿನ ಬಾಗಿಲು ಹಾಕಿಕೊಂಡು ಕೆಲವು ವಾರ ತಾಳುತ್ತದೆ, ಆಮೇಲೆ ಸಾಯುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಅದು ಮೀನಿನ ಸಂತಾನಕ್ಕೆಂದು ಮಾಡಿದ ಕಟ್ಟಳೆ. ದೋಣಿಯ ಆಯುಷ್ಯವೂ ಆ ದಿನಗಳಲ್ಲೇ ಇದೆ ಎಂದು ನಾನು ನಂಬಿದ್ದೇನೆ.

ಆದರೆ ಹೊರಮೈಗೆ ಮದ್ದಾದ ಸಿಹಿನೀರೇ ಒಳಗೆ ನಿಂತರೆ ವಿಷ. ಮಳೆನೀರು ಕಟ್ಟಿಕೊಂಡರೆ ಮರ ಕೊಳೆಯುತ್ತದೆ. ದಡಕ್ಕೆಳೆದ ದೋಣಿಗೆ ನಮ್ಮವರು ಮಡಲಿನ ಮಾಡು ಕಟ್ಟುವುದು ಇದಕ್ಕೇ.

ಈಗ ನನ್ನದು ಫೈಬರ್ ದೋಣಿ. ಹುಳದ ಕಾಟವಿಲ್ಲ, ಉಪ್ಪಿನ ಕಾಟ ತಪ್ಪಿಲ್ಲ. ಒಂದು ಲೀಟರ್ ಕಡಲನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಎಂಜಿನ್ನಿನ ಒಳದಾರಿಯಲ್ಲಿ ಅದು ಹರಳುಗಟ್ಟಿತೆಂದರೆ ತಂಪಿನ ನೀರು ಓಡುವುದಿಲ್ಲ. ಹಿಂತಿರುಗಿದ ಕೂಡಲೇ, ಎಷ್ಟೇ ದಣಿದಿರಲಿ, ಡ್ರಮ್ಮಿಗೆ ಬಾವಿನೀರು ತುಂಬಿ ಹತ್ತು ನಿಮಿಷ ಅದರಲ್ಲೇ ಎಂಜಿನ್ ಓಡಿಸುತ್ತೇನೆ. ಕೆಳಗೆ ಕೂರಿಸಿರುವ ಸತುವಿನ ತುಂಡನ್ನೂ ನೋಡುತ್ತೇನೆ. ಉಳಿದ ಲೋಹ ಸವೆಯದಿರಲೆಂದು ಅದು ತಾನು ಸವೆಯುತ್ತದೆ, ಅರ್ಧವಾದರೆ ಬದಲಿಸಲೇಬೇಕು.

ಮರದ ದೋಣಿ ಇನ್ನೂ ಇಟ್ಟುಕೊಂಡವರಲ್ಲಿ ಒಂದು ವಿನಂತಿ. ಮಳೆ ತಗ್ಗಿ ದೋಣಿ ನೀರಿಗಿಳಿಸುವ ಮುನ್ನ ಅಡಿಹಲಗೆಯನ್ನು ಉದ್ದಕ್ಕೂ ಗೇಣುಗೇಣಿಗೆ ತಟ್ಟಿ ನೋಡಿ. ಅನುಮಾನ ಬಂದರೆ ಆಚಾರಿಯನ್ನು ಆ ದಿನವೇ ಕರೆಸಿ.