ಸೊಳ್ಳೆ ಎಬ್ಬಿಸಿದ ದಂಡು

ಕುಂದಲಹಳ್ಳಿಯಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿದರೆ ಎಲ್ಲೂ ರೈಲು ಬದಲಿಸದೆ ಮೈಸೂರು ರಸ್ತೆ ಸೇರಬಹುದು. ಅಲ್ಲಿಂದ ಶ್ರೀರಂಗಪಟ್ಟಣಕ್ಕೆ ಬಸ್ಸು. ನಡುವೆ ಹಲಸೂರು, ಟ್ರಿನಿಟಿ, ಎಂ.ಜಿ. ರಸ್ತೆ, ಅಂದರೆ ಇಂಗ್ಲಿಷರ ಹಳೆಯ ದಂಡು ಪ್ರದೇಶ. ಆ ದಂಡು ಹೊರಟುಬಂದದ್ದೇ ಶ್ರೀರಂಗಪಟ್ಟಣದಿಂದ.

ಕಾವೇರಿ ಎರಡಾಗಿ ಒಡೆದು ಮತ್ತೆ ಕೂಡುವ ಈ ದ್ವೀಪದಲ್ಲಿ ನಮ್ಮವರು ರಂಗನಾಥನಿಗೆ ಕೈಮುಗಿದು, ದರಿಯಾ ದೌಲತ್ ಅರಮನೆ ನೋಡಿ, ಸಂಗಮದತ್ತ ಗಾಡಿ ತಿರುಗಿಸುತ್ತಾರೆ. ನನಗೆ ಇಷ್ಟವಾಗುವುದು ಪಟಾಲಮಿನ ಪಳೆಯುಳಿಕೆಗಳು. ದರಿಯಾ ದೌಲತ್ತಿನ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಸೋತ ಇಂಗ್ಲಿಷ್ ಸೇನೆಯ ಕರ್ನಲ್ ಬೇಯ್ಲಿ ಅದರಲ್ಲಿ ಪಲ್ಲಕ್ಕಿಯಲ್ಲಿ ಕೂತಿದ್ದಾನೆ. ಕೋಟೆಯೊಳಗೆ ನದಿಯ ಪಕ್ಕದ ನೆಲಮಾಳಿಗೆ ಸೆರೆಮನೆಗೂ ಅವನದೇ ಹೆಸರು. ಗೋಡೆಯಲ್ಲಿ ಸಾಲಾಗಿ ತೂತಿನ ಕಲ್ಲುಗಳು, ಕೈದಿಗಳನ್ನು ಸರಪಳಿಯಿಂದ ಬಿಗಿಯಲು. ನೆಲದಲ್ಲಿ ಒಂದು ಫಿರಂಗಿ ಬಿದ್ದುಕೊಂಡಿದೆ. ಬೇಯ್ಲಿ 1782ರಲ್ಲಿ ಸೆರೆಯಲ್ಲೇ ಸತ್ತ. ಚಿತ್ರದಲ್ಲಿ ಮಾತ್ರ ಇವತ್ತಿಗೂ ಪಲ್ಲಕ್ಕಿ ಇಳಿದಿಲ್ಲ.

ಟಿಪ್ಪುವಿನ ಮದ್ದಿನ ಮನೆಯದು ಬೇರೆಯೇ ಕತೆ. ಜೋಡಿ ರೈಲು ಹಳಿಗೆ ಅಡ್ಡವಾಯಿತೆಂದು 2017ರಲ್ಲಿ ಆ ಇಟ್ಟಿಗೆ ಕಟ್ಟಡವನ್ನು, ಸುಮಾರು ಸಾವಿರ ಟನ್ ಭಾರದ್ದನ್ನು, ಒಡೆಯದೆ ಇಡಿಯಾಗಿ ಜ್ಯಾಕ್ ಕೊಟ್ಟು ಎತ್ತಿ ನೂರಕ್ಕೂ ಹೆಚ್ಚು ಮೀಟರ್ ಆಚೆ ಸರಿಸಿದರು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಂದು ಬೀರು ಸಾಗಿಸುವುದಕ್ಕೆ ಎರಡು ದಿನ ಮೊದಲೇ ಅರ್ಜಿ ಕೊಡಬೇಕು!

1799ರ ಮೇ 4ರಂದು ಕೋಟೆ ಬಿತ್ತು. ಗೆದ್ದ ಇಂಗ್ಲಿಷ್ ಸೈನ್ಯ ಇಲ್ಲೇ ಬೀಡುಬಿಟ್ಟಿತು. ಆದರೆ ಟಿಪ್ಪುವಿನ ರಾಕೆಟ್ಟುಗಳಿಂದ ಆಗದ್ದನ್ನು ಸೊಳ್ಳೆ ಮಾಡಿತು. ಜ್ವರದಲ್ಲಿ ಸಿಪಾಯಿಗಳು ಒಬ್ಬೊಬ್ಬರಾಗಿ ಉರುಳಿದರು. ವೈದ್ಯರು ಕೆಟ್ಟ ಗಾಳಿಯನ್ನು ದೂರಿದರು. ಗ್ಯಾರಿಸನ್ ಸ್ಮಶಾನದಲ್ಲಿ ಮಲಗಿದವರಲ್ಲಿ ಸ್ವಿಟ್ಜರ್ಲೆಂಡಿನ ಡಿ ಮ್ಯುರಾನ್ ರೆಜಿಮೆಂಟಿನವರೂ ಇದ್ದಾರೆ: ಮೊದಲು ಡಚ್ಚರ ಸಂಬಳ, ಆಮೇಲೆ ಇಂಗ್ಲಿಷರ ಸಂಬಳ, ಕೊನೆಗೆ ಕಾವೇರಿ ದಡ. ಕಾಂಟ್ರಾಕ್ಟ್ ನೌಕರಿಯೆಂದರೆ ಇದೇ ಅಲ್ಲವೆ?

1809ರ ಹೊತ್ತಿಗೆ ದಂಡು ಬೆಂಗಳೂರಿಗೆ ಬಂತು. (ಆ ಜ್ವರಕ್ಕೆ ಸೊಳ್ಳೆಯೇ ಕಾರಣವೆಂದು 1897ರಲ್ಲಿ ತೋರಿಸಿದ ರೊನಾಲ್ಡ್ ರಾಸ್ 1883ರಲ್ಲಿ ಇದೇ ದಂಡಿನಲ್ಲಿ ವೈದ್ಯನಾಗಿದ್ದ, ತನ್ನ ಬಂಗಲೆಯ ನೀರಿನ ತೊಟ್ಟಿಯಲ್ಲಿ ಸೊಳ್ಳೆ ಮರಿಗಳನ್ನು ನೋಡಿದ್ದ.) ದಂಡಿನ ಜೊತೆ ಆಂಗ್ಲೋ ಇಂಡಿಯನ್ ಸಂಸಾರಗಳೂ ಬೆಳೆದವು. ಡಿ.ಎಸ್. ವೈಟ್ ಎಂಬಾತ ಅವರಿಗೊಂದು ಊರು ಬೇಕೆಂದ. 1882ರಲ್ಲಿ ಚಾಮರಾಜೇಂದ್ರ ಒಡೆಯರು 3,900 ಎಕರೆ ಕೊಟ್ಟರು. ಅದೇ ವೈಟ್‌ಫೀಲ್ಡ್, ನಮ್ಮ ಕುಂದಲಹಳ್ಳಿಯ ಪಕ್ಕದ ಮನೆ. ಉಳುವವರಿಗೆಂದು ಕೊಟ್ಟ ನೆಲದಲ್ಲಿ ಈಗ ಕೋಡ್ ಬರೆಯುವವರು. ನಮ್ಮ ಲಿಫ್ಟಿನಲ್ಲಿ ಯಾರನ್ನು ಕೇಳಿದರೂ ಊರು ಬೇರೆ.

ಶ್ರೀರಂಗಪಟ್ಟಣಕ್ಕೆ ಹೋದಾಗ ಗ್ಯಾರಿಸನ್ ಸ್ಮಶಾನಕ್ಕೂ ಅರ್ಧ ಗಂಟೆ ಇಡಿ. ಸಂಜೆಯಾಗುವ ಮುಂಚೆ ಹೊರಡಿ. ಸೊಳ್ಳೆ ಇನ್ನೂ ಅಲ್ಲೇ ಇದೆ.